ಹೆಬ್ಬೆರಳಿನ ಕೆಳಗಿನ ಮಣಿ

ಮಣಿ ಬಲಕ್ಕಿತ್ತು.

ಬಸ್ಸು ಚಿತ್ರದುರ್ಗದ ಗದ್ದಲ ದಾಟಿ ಹೊಳಲ್ಕೆರೆಯ ದಾರಿಗೆ ಬಿದ್ದಿತ್ತು. ದಿಲಾವರ್ ಜೇಬಿನಿಂದ ಹಾಡಿನ ಡಬ್ಬಿ ತೆಗೆದು ಎಡಗೈಯಲ್ಲಿ ಹಿಡಿದುಕೊಂಡ. ಏಳು ವರ್ಷದ ರೂಢಿಯಂತೆ ಹೆಬ್ಬೆರಳು ತಾನಾಗಿ ಎಡತುದಿಗೆ ಸರಿದು ಮಣಿಯನ್ನು ಹುಡುಕಿತು. ಅಲ್ಲಿ ಬರೀ ನುಣ್ಣನೆಯ ಗುಂಡಿ. ಮಣಿ ಆಚೆ ತುದಿಗೆ ಹೋಗಿ ಕೂತಿತ್ತು.

ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಮನೆಯ ಬಾಗಿಲು ಎದುರು ಗೋಡೆಯಲ್ಲಿದೆ ಅಂದುಕೊಳ್ಳಿ. ದಿಲಾವರನಿಗೆ ಆಗಿದ್ದು ಅದೇ.

ಡಬ್ಬಿ ಅಂದರೆ ಅಂಥ ದೊಡ್ಡ ವಸ್ತುವೇನಲ್ಲ. ಅಂಗೈಯಲ್ಲಿ ಮುಚ್ಚಿಹೋಗುವ, ಮೆಮೊರಿ ಕಾರ್ಡ್ ಹಾಕುವ, ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುವ ಮ್ಯೂಸಿಕ್ ಪ್ಲೇಯರ್. ಆದರೆ ಹನ್ನೆರಡನೇ ವಯಸ್ಸಿಗೆ ಕಣ್ಣು ಕಳೆದುಕೊಂಡು, ಈಗ ಐವತ್ತೆರಡರಲ್ಲಿ ಊರೂರಿನ ಬೆತ್ತದ ಕುರ್ಚಿಗಳನ್ನು ಹೆಣೆಯುತ್ತ ತಿರುಗುವ ದಿಲಾವರನಿಗೆ ಅದೊಂದು ಓಣಿ. ಗುಂಡಿ ಒಂದು ಸಲ ಒತ್ತಿದರೆ ಒಂದು ಮನೆ ಮುಂದೆ. ನಾಲ್ಕನೇ ಮನೆಯಲ್ಲಿ ಕವ್ವಾಲಿ. ಒಂಬತ್ತನೆಯದರಲ್ಲಿ ಅಪ್ಪನಿಗೆ ಇಷ್ಟವಿದ್ದ ಹಳೆಯ ಸಿನಿಮಾ ಹಾಡು. ಹದಿನಾರರಲ್ಲಿ ಯಾರೋ ಪುಣ್ಯಾತ್ಮ ತಪ್ಪಿ ತುಂಬಿಬಿಟ್ಟ ಮದುವೆ ಮನೆಯ ಓಲಗ. ಅದನ್ನೂ ಅವನು ತೆಗೆಸಿರಲಿಲ್ಲ. ಓಣಿ ಅಂದ ಮೇಲೆ ಒಂದು ಗದ್ದಲದ ಮನೆಯೂ ಇರಲಿ ಅನ್ನುತ್ತಿದ್ದ. ಗಾಜಿನ ಫೋನು ತಗೋ ಅಂತ ಎಷ್ಟೋ ಜನ ಹೇಳಿದರು. ಗಾಜಿನ ಮೇಲೆ ಬೆರಳಿಗೆ ದಾರಿಯೇ ಸಿಗುವುದಿಲ್ಲ ಅಂತ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಯರ್‌ಫೋನಿನ ತೂತು ಡಬ್ಬಿಯ ತಳದಲ್ಲಿದೆ. ನೆಟ್ಟಗೆ ಜೇಬಿಗಿಟ್ಟರೆ ವೈರು ಮಡಚಿ ಮುರಿಯುತ್ತದೆಂದು ದಿಲಾವರ್ ಅದನ್ನು ಮೊದಲ ದಿನದಿಂದಲೇ ತಲೆಕೆಳಗಾಗಿ ಹಿಡಿದು ಕಲಿತ. ಹಾಗಾಗಿ ಕಣ್ಣಿದ್ದವರಿಗೆ ಬಲತುದಿಯಲ್ಲಿ ಕಾಣುವ ಪ್ಲೇ ಗುಂಡಿ ಅವನಿಗೆ ಎಡತುದಿ. ಗುರುತಿಗಿರಲಿ ಎಂದು ತಂಗಿಯ ಹೊಲಿಗೆ ಡಬ್ಬದಿಂದ ಒಂದು ಮಣಿ ಎತ್ತಿ ತಾನೇ ಆ ಗುಂಡಿಗೆ ಅಂಟಿಸಿಕೊಂಡಿದ್ದ.

ಇದು ಇಸ್ರಾರನ ಕೆಲಸವೇ ಅಂತ ಅವನು ಬಸ್ಸಿನಲ್ಲಿ ಒಳಗೊಳಗೇ ಬೈದುಕೊಂಡ. ಮೊಬೈಲ್ ಅಂಗಡಿಯ ಇಸ್ರಾರ್ ಬ್ಯಾಟರಿ ಬದಲಾಯಿಸಲು ಡಬ್ಬಿ ಬಿಚ್ಚಿದ್ದ. ಬಿಚ್ಚಿದಾಗ ಮಣಿ ಕಿತ್ತು ಬಂದಿರಬೇಕು, ಮತ್ತೆ ಅಂಟಿಸುವಾಗ ತುದಿ ತಪ್ಪಿರಬೇಕು. ನುಣ್ಣನೆಯ ಗುಂಡಿಯನ್ನು ನಾಲ್ಕು ಸಲ ಒತ್ತಿದ. ಕವ್ವಾಲಿ ಬಂತು. ಓಣಿ ಇದ್ದಲ್ಲೇ ಇತ್ತು. ಕಿಟಕಿಯ ಬಿಸಿಲು ಮುಖದ ಮೇಲೆ ಬಂದು ಹೋಗಿ ಮಾಡುತ್ತಿತ್ತು, ಅವನಿಗೆ ಸಣ್ಣಗೆ ಜೊಂಪು ಹತ್ತಿತು.

ಆದರೆ ಇವತ್ತು ಆ ಡಬ್ಬಿಯಲ್ಲಿ ಬೇಕಾಗಿದ್ದು ಹಾಡಲ್ಲ.

ಧರ್ಮಪುರದ ಕಡೆಯ ಕುರಿಗಾಹಿ ಗೋವಿಂದಪ್ಪ ಕಾಣೆಯಾಗಿ ಹನ್ನೆರಡು ದಿನವಾಗಿತ್ತು; ಅವನನ್ನು ಏನೋ ಮಾಡಿದ್ದಾನೆಂದು ಅಣ್ಣನ ಮಗ ಓಬಳೇಶನನ್ನು ಕಳೆದ ಗುರುವಾರ ಹಿಡಿದು ಒಳಗೆ ಹಾಕಿದ್ದರು. ಕಾಣೆಯಾದ ದಿನ ಗೋವಿಂದಪ್ಪ ಚಿತ್ರದುರ್ಗಕ್ಕೆ ಬಂದು, ಎಂದಿನಂತೆ ದಿಲಾವರನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು, ಡಬ್ಬಿಗೆ ಒಂದಷ್ಟು ಮಾತು ಹೇಳಿ ಹೋಗಿದ್ದ. ನಾನು ಹೋದ ಮೇಲೆ ಕೇಳು ಅಂದಿದ್ದ. ದಿಲಾವರ್ ಕೇಳಲು ಕೂತ. 'ನಾನು ನನ್ನಿಷ್ಟದಾಗೆ ಹೊಂಟೀನಿ, ಓಬಳೇಶನ ತಪ್ಪು ಏನೂ ಇಲ್ಲ, ನಾನು ಹೋಗ್ತಿರೋದು' ಅನ್ನುವಷ್ಟರಲ್ಲಿ ಬ್ಯಾಟರಿ ಸತ್ತಿತು. ಎಲ್ಲಿಗೆ ಅನ್ನುವುದು ಡಬ್ಬಿಯ ಹೊಟ್ಟೆಯಲ್ಲೇ ಉಳಿಯಿತು.

ಓಬಳೇಶನ ಬಿಡುಗಡೆಗೆ ಇದ್ದದ್ದು ಆ ಒಂದು ಮಾತು. ಅವನ ಹೆಂಡತಿ ಚೈತ್ರಾ ಮೊನ್ನೆ ಬಂದು ಅತ್ತು ಹೋಗಿದ್ದಳು. ಅವರ ಕುರಿಗಳು ಈಗ ಹೊಳಲ್ಕೆರೆಯ ಹತ್ತಿರದ ಹೊಲಗಳಲ್ಲಿವೆ. ಇವತ್ತು ಮಧ್ಯಾಹ್ನ ಎರಡಕ್ಕೆ ದಿಲಾವರ್ ಕೆಲಸಕ್ಕೆ ಬಂದ ಮನೆಗೇ ಬಂದು, ಅವನನ್ನೂ ಡಬ್ಬಿಯನ್ನೂ ಹಿರಿಯೂರಿನ ಪೊಲೀಸ್ ಠಾಣೆಗೆ ಕರೆದೊಯ್ಯುವವಳಿದ್ದಳು. ಹಾಡು ಬೇಕಾದರೆ ಕೇಳು, ದನಿಗಳ ಕಡೆ ಮಾತ್ರ ಕೈ ಹಾಕಬೇಡ, ಹಾಗೇ ತಾ ಅಂತ ಇನ್‌ಸ್ಪೆಕ್ಟರು ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು. ದಿಲಾವರ್ ಆ ಮಾತು ಮೀರಿರಲಿಲ್ಲ.

ಹೊಳಲ್ಕೆರೆಯಲ್ಲಿ ಇಳಿದಾಗ ಹತ್ತು ಗಂಟೆ. ಮಂಡಿಯ ಕಡೆಯಿಂದ ಒಣ ಅಡಿಕೆಯ ವಾಸನೆ ಬರುತ್ತಿತ್ತು. ಆ ವಾಸನೆ ಎಡಗೆನ್ನೆಗೆ ಬಂದರೆ ಚಿತ್ರಲಿಂಗಪ್ಪ ಮೇಷ್ಟ್ರ ಮನೆಗೆ ನೆಟ್ಟಗೆ ನಡೆದಂತೆ.

ಮೇಷ್ಟ್ರು ನಿವೃತ್ತರಾಗಿ ಹತ್ತು ವರ್ಷ. ಕುರಿಗಾಹಿಗಳ ಹಾಡು ಬರೆದುಕೊಳ್ಳುವುದೊಂದು ಹುಚ್ಚು. ಗೋವಿಂದಪ್ಪನ ದಾರಿಹಾಡನ್ನು, ಅಂದರೆ ಕುರಿ ಹೊಡೆದುಕೊಂಡು ಹೋಗುವಾಗ ನೀರಿರುವ ಜಾಗಗಳನ್ನು ಸಾಲಾಗಿ ಹೇಳುವ ಹಾಡನ್ನು, ಅವರು ಮೂರು ವರ್ಷದಿಂದ ಬೆನ್ನು ಹತ್ತಿದ್ದರು. ಕೊನೆಯ ನುಡಿ ಮಾತ್ರ ಸಿಕ್ಕಿರಲಿಲ್ಲ. ಕುರಿ ನಿಂತಿರುವಾಗ ಕೊನೆಯ ನುಡಿ ಹಾಡಿದರೆ ಕುರಿ ಮತ್ತೆ ಹೆಜ್ಜೆ ಎತ್ತುವುದಿಲ್ಲ ಅಂತ ಗೋವಿಂದಪ್ಪ ನಗುತ್ತ ತಪ್ಪಿಸಿಕೊಳ್ಳುತ್ತಿದ್ದ.

ದಿಲಾವರ್ ಜಗುಲಿಯ ಮೇಲೆ ಕೂತ. ಬೆತ್ತದ ಪಟ್ಟಿಗಳು ಬಕೆಟ್ಟಿನ ನೀರಿನಲ್ಲಿ ನೆನೆದು ಮೆತ್ತಗಾಗಿದ್ದವು. ಮೇಷ್ಟ್ರ ಆರಾಮ ಕುರ್ಚಿಯ ಬೆನ್ನಿನಲ್ಲಿ ತೂತು ಬಿಟ್ಟು ತೂತಿಗೆ ಎಳೆ ಕೂರಿಸುತ್ತ ಹೋದ. ಈ ಕೆಲಸದಲ್ಲಿ ಅವನಿಗೆ ಅರ್ಧ ನಿದ್ದೆ, ಅರ್ಧ ಎಚ್ಚರ. ಬೆರಳು ದುಡಿಯುತ್ತಿದ್ದರೆ ತಲೆ ಎಲ್ಲೆಲ್ಲೋ ತಿರುಗಾಡಿ ಬರುತ್ತದೆ. ಇವತ್ತು ಅದು ತಿರುಗಿ ತಿರುಗಿ ಮಣಿಯ ಹತ್ತಿರವೇ ಬಂದು ನಿಂತಿತು.

ಕೊನೆಗೆ ತಡೆಯಲಾರದೆ ಕೈ ಒರೆಸಿಕೊಂಡು ಡಬ್ಬಿಯನ್ನು ಮೇಷ್ಟ್ರತ್ತ ಚಾಚಿದ.

"ಮೇಷ್ಟ್ರೇ, ಒಂದ್ ಹಾಡು ಹಾಕ್ರಿ."

ಅವರು ತೆಗೆದುಕೊಂಡು ಹೊರಳಿಸಿದ್ದು ಕೇಳಿಸಿತು. ಕಣ್ಣಿದ್ದವರೆಲ್ಲ ಮೊದಲು ಅದನ್ನೇ ಮಾಡುತ್ತಾರೆ, ಡಬ್ಬಿಯನ್ನು ತಮಗೆ ಬೇಕಾದ ಕಡೆ ತಿರುಗಿಸಿ ಇದೇ ನೆಟ್ಟಗಿರುವುದು ಅಂದುಕೊಳ್ಳುತ್ತಾರೆ.

"ಈ ಮಣಿ ಯಾರು ಹಚ್ಚಿದ್ದೋ? ರೆಕಾರ್ಡ್ ಮಾಡೋ ಗುಂಡಿ ಮೇಲೆ ಕುಂತೈತಲ್ಲ."

"ಗೊತ್ತದೆ. ಇಸ್ರಾರ್ ತಪ್ಪಿ ಹಚ್ಯಾನೆ. ನೀವು ಹಾಡು ಹಾಕ್ರಿ."

"ಹಾಕ್ದೆ. ತಡಿ, ಹೆಸರು ಬಂತು. ಪರದೆ ಚೆನ್ನಾಗಿ ಬೆಳಗ್ತೈತೆ."

ಬೆತ್ತದ ಪಟ್ಟಿ ದಿಲಾವರನ ಕೈಯಿಂದ ಜಾರಿ ನೀರಿಗೆ ಬಿತ್ತು.

ಅವನ ಡಬ್ಬಿಯ ಪರದೆ ಸತ್ತು ನಾಲ್ಕು ವರ್ಷವಾಗಿತ್ತು. ಸಿರಿಗೆರೆಯ ಬಸ್ಸಿನಲ್ಲಿ ಕಾಲ ಕೆಳಗೆ ಬಿದ್ದಾಗ ಒಂದು ಮೂಲೆ ನೆಗ್ಗಿ, ಪರದೆಯೂ ಹೋಯಿತು ಅಂತ ಆಗ ಯಾರೋ ಹೇಳಿದ್ದರು. ಅವನಿಗೆ ಅದರಿಂದ ಆದ ನಷ್ಟವಾದರೂ ಏನು? ಪರದೆ ಇಲ್ಲದ ಮೇಲೆ ಆ ಡಬ್ಬಿಯನ್ನು ನಡೆಸಬಲ್ಲವನು ತಾನೊಬ್ಬನೇ ಎಂಬ ಸಣ್ಣ ಜಂಬವೂ ಅವನಿಗಿತ್ತು.

ಡಬ್ಬಿಯನ್ನು ಇಸಿದುಕೊಂಡು, ತಂಗಿ ಹೊಲಿದ, ಗುಂಡಿ ಪರದೆಗಳಿಗೆ ಮಾತ್ರ ಕಿಂಡಿ ಬಿಟ್ಟ ಬಟ್ಟೆಯ ಚೀಲದ ಕಸೆ ಬಿಚ್ಚಿ ಹೊರಗೆ ತೆಗೆದ. ಚೀಲ ಅದೇ. ನಾಲ್ಕೂ ಮೂಲೆ ಮುಟ್ಟಿದ. ನಾಲ್ಕೂ ಹೊಸ ಸೋಪಿನಂತೆ ನುಣ್ಣಗಿದ್ದವು.

ಯಾರೋ ಅದೇ ಮಾದರಿಯ ಬೇರೆ ಡಬ್ಬಿ ತಂದು, ಅವನ ಹಾಡಿನ ಕಾರ್ಡನ್ನು ಅದಕ್ಕೆ ಹಾಕಿ, ಅವನ ಚೀಲಕ್ಕೆ ತುರುಕಿ ಕೊಟ್ಟಿದ್ದರು. ಹಾಡುಗಳು ಕಾರ್ಡಿನಲ್ಲಿದ್ದವು, ಬಂದವು. ದನಿಗಳು ಹಳೆಯ ಡಬ್ಬಿಯ ಒಳಗೇ ಇದ್ದವು, ಹೋದವು. ಗೋವಿಂದಪ್ಪನದೊಂದೇ ಅಲ್ಲ. ಮೊದಲನೆಯದು ಅವನ ಅಮ್ಮನದು. ತೀರಿಕೊಳ್ಳುವ ಮುಂಚೆ ಊಟಕ್ಕೆ ಬಾ ಅಂತ ಕರೆದ ಒಂದೇ ಒಂದು ಕೂಗು.

ಆಮೇಲೆ ಸಿಟ್ಟು ಬಂತು.

"ಮೇಷ್ಟ್ರೇ, ನೀವು ಇಸ್ರಾರ್ ಅಂಗಡಿಗೆ ಹೋಗಿದ್ರಿ."

ಅವರ ಕುರ್ಚಿ ಕಿರುಗುಟ್ಟಿತು. ಅದೊಂದು ಊಹೆ, ಕತ್ತಲಲ್ಲಿ ಎಸೆದ ಕಲ್ಲು. ಆದರೆ ಕಲ್ಲು ಬಿದ್ದ ಕಡೆ ಸದ್ದಾಗಿತ್ತು.

"ಹೋಗಿದ್ದೆ," ಅಂದರು ಮೇಷ್ಟ್ರು.

"ಯಾಕೆ?"

"ಕದಿಯಾಕೆ. ಬೇರೆ ಏನಂತ ಹೇಳ್ಲಿ? ಗೋವಿಂದಪ್ಪ ನಿನ್ನ ಡಬ್ಬಿಗೆ ಏನೋ ಹೇಳಿ ಹೋದ ಅಂತ ತಿಳೀತು. ಕೊನೇ ನುಡಿನೇ ಇರಬೇಕು ಅಂದ್ಕಂಡೆ. ಒಂದು ಪ್ರತಿ ಮಾಡ್ಕೊಡಪ್ಪ ಅಂತ ಇಸ್ರಾರನ್ನ ಕೇಳ್ದೆ."

"ಮಾಡಿಕೊಟ್ನಾ?"

"ಎಲ್ಲೀದು. ಪರದೆ ಸತ್ತೈತೆ, ಯಾವುದು ಎಲ್ಲೈತೆ ತಿಳಿಯಲ್ಲ, ಇದಕ್ಕೆ ಬೇರೆ ಪರದೆನೂ ಸಿಗಲ್ಲ ಅಂದ. ನಾಚಿಕೆ ಆಯ್ತು, ಎದ್ದು ಬಂದೆ."

"ಹಂಗಾರೆ ಬ್ಯಾರೆ ಡಬ್ಬಿ ತಂದು ಇಟ್ಟೋರು ಯಾರು? ನೀವಲ್ಲ ಅಂತ ನಾ ಹೆಂಗೆ ನಂಬ್ಲಿ?"

ಮೇಷ್ಟ್ರು ಎದ್ದು ಬಂದು ಅವನ ಎದುರು ನೆಲದ ಮೇಲೆ ಕೂತರು. ಎಪ್ಪತ್ತರ ಮಂಡಿ ಎರಡು ಕಡೆ ಲಟಕ್ಕೆಂದಿತು. ಪಾಠ ಮಾಡುವವರ ದನಿ ಹೋಗಿ ಬರೀ ಮುದುಕನ ದನಿ ಬಂದಿತ್ತು.

"ನಾನಿರೋವಾಗ್ಲೇ ನಿನ್ನ ತಂಗಿ ಬಂದ್ಳಲ್ಲೋ. ನನ್ನ ಕಣ್ಣೆದುರಿಗೇ ತಗಂಡು ಹೋದ್ಳು. ಬಿಚ್ಚುವಾಗ ಮಣಿ ಕಿತ್ತು ಬಂದಿತ್ತು, ಅದನ್ನ ಇಸ್ರಾರ್ ಒಂದು ಕಾಗದದಾಗೆ ಸುತ್ತಿ ಅವಳ ಕೈಯಾಗೆ ಕೊಟ್ಟ."

"ನಿನ್ನೆ ಸಂಜೆ."

"ನಿನ್ನೆ ಯಾಕಾಗ್ತೈತೆ? ಶುಕ್ರವಾರ. ಇವತ್ತು ಮಂಗಳವಾರ."

ದಿಲಾವರ್ ನೀರಿಗೆ ಬಿದ್ದ ಪಟ್ಟಿಯನ್ನು ತಡವಿ ಎತ್ತಿಕೊಂಡ. ನಿನ್ನೆ ಸಂಜೆ ತಂಗಿ ಸುಗ್ರಾ ಡಬ್ಬಿಯನ್ನು ಗೂಟಕ್ಕೆ ನೇತುಹಾಕಿ, ಈಗಷ್ಟೇ ಅಂಗಡಿಯಿಂದ ತಂದೆ ಭಾಯಿ, ಬೆಳಗಿನವರೆಗೂ ಚಾರ್ಜ್ ಆಗಲಿ, ಮುಟ್ಟಬೇಡ ಅಂದಿದ್ದಳು. ಅವನು ಮುಟ್ಟಿರಲಿಲ್ಲ. ಸುಗ್ರಾಳ ಮಾತನ್ನು ಅವನು ಎಂದೂ ಎರಡು ಸಲ ತೂಗಿ ನೋಡಿದವನಲ್ಲ. ಗಂಡ ಹೋದ ಮೇಲೆ ಅಣ್ಣನ ಮನೆ ಸೇರಿ, ಓಣಿಯ ಹೆಂಗಸರ ರವಿಕೆ ಹೊಲಿಯುತ್ತ, ಅವನ ಅನ್ನ, ಬಟ್ಟೆ, ಔಷಧ ಎಲ್ಲವನ್ನೂ ಕೈಗಿಟ್ಟು ಹದಿನಾಲ್ಕು ವರ್ಷ ನಡೆಸಿದವಳು. ಅವಳ ಹೊಲಿಗೆ ಯಂತ್ರಕ್ಕೊಂದು ಊನವಿದೆ. ಆರು ಸುತ್ತು ಸರಾಗ, ಏಳನೆಯದಕ್ಕೆ ಟಕ್. ಆ ಟಕ್ ಕೇಳಿಸಿದರೇ ಅವನಿಗೆ ಮಧ್ಯಾಹ್ನದ ನಿದ್ದೆ ಬರುತ್ತಿದ್ದದ್ದು.

ಮೇಷ್ಟ್ರು ಮಜ್ಜಿಗೆ ತರುತ್ತೇನೆಂದು ಒಳಗೆ ಹೋದರು. ಹೋಗುವ ಮುಂಚೆ ಅವನ ಭುಜ ಒಮ್ಮೆ ಮುಟ್ಟಿದರು. ಅವರ ಮೇಲಿನ ಸಿಟ್ಟು ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು.

ಒಬ್ಬನೇ ಆದಾಗ ದಿಲಾವರ್ ಡಬ್ಬಿಯನ್ನು ತನ್ನ ರೂಢಿಯಂತೆ ತಲೆಕೆಳಗಾಗಿ ಹಿಡಿದ. ಮಣಿ ಬಲಕ್ಕೆ ಬಂತು. ಹೊಸ ಡಬ್ಬಿಗೆ ಮಣಿ ಅಂಟಿಸಿದವರು ಡಬ್ಬಿಯನ್ನು ನೋಡಿಲ್ಲ, ಅವನ ಕೈಯನ್ನು ನೆನೆಸಿಕೊಂಡಿದ್ದಾರೆ. ಎಡಗೈ ಹೆಬ್ಬೆರಳು, ಎಡತುದಿ. ಅವನು ಡಬ್ಬಿಯನ್ನು ತಿರುಗಿಸಿ ಹಿಡಿಯುತ್ತಾನೆ ಅನ್ನುವುದೊಂದು ಅವರ ತಲೆಗೆ ಬಂದಿಲ್ಲ. ಹಾಗಾಗಿ ಮಣಿ ರೆಕಾರ್ಡ್ ಗುಂಡಿಯ ಮೇಲೆ ಕೂತಿದೆ.

ಅಂಟು ಹಚ್ಚಿದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಕಚ್ಚಿಕೊಳ್ಳಲಿ ಅಂತ ಗಟ್ಟಿಯಾಗಿ ಒತ್ತುತ್ತಾರೆ.

ಇನ್‌ಸ್ಪೆಕ್ಟರರ ಮಾತು ನೆನಪಾಯಿತು, ಆದರೂ ನಿಲ್ಲಲಿಲ್ಲ. ನಡುವಿನ ಗುಂಡಿಯನ್ನು ಒತ್ತಿ ಹಿಡಿದ. ಎರಡು ಸಲ ಕುಂಯ್ ಅಂದು ದನಿಗಳ ಬಾಗಿಲು ತೆರೆಯಿತು. ಅಮ್ಮನ ಕೂಗು ಇರಬೇಕಾದ ಮೊದಲ ಜಾಗದಲ್ಲಿ ಏನೋ ಇತ್ತು. ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಎಡತುದಿಯ ಗುಂಡಿ ಒತ್ತಿದ.

ಮೊದಲು ಉಸಿರು. ತೀರ ಹತ್ತಿರದ ಉಸಿರು, ಸೂಜಿಗೆ ದಾರ ಪೋಣಿಸುವವರು ಬಿಗಿಹಿಡಿದು ಬಿಡುವಂಥದು. ಆಮೇಲೆ ಸ್ವಲ್ಪ ದೂರದಿಂದ ಒಂದು ಗಂಡು ದನಿ.

"ಇನ್ನೂ ಒತ್ತವ್ವ. ಎಡಕ್ಕೇ ಸರಿ. ಏಳು ವರ್ಷ ಪಕ್ಕದಾಗೆ ಕುಂತು ನೋಡೀನಿ. ಅವ್ನು ತಡಕಾಡೋ ಹಂಗೆ ಆಗಬಾರ್ದು."

ಗೋವಿಂದಪ್ಪ.

ಈ ಡಬ್ಬಿ ಬಂದದ್ದೇ ಶುಕ್ರವಾರದ ಮೇಲೆ. ಗೋವಿಂದಪ್ಪ ಕಾಣೆಯಾದದ್ದು ಅದಕ್ಕಿಂತ ಒಂದು ವಾರ ಮುಂಚೆ. ಸತ್ತವನು ಹೊಸ ಡಬ್ಬಿಯಲ್ಲಿ ಮಾತಾಡುವುದಿಲ್ಲ. ದಿಲಾವರನಿಗೆ ಎದೆ ತುಂಬಿ ಬಂದು, ಒಂದು ಗಳಿಗೆ ಜಗುಲಿ, ಬಿಸಿಲು, ಬಕೆಟ್ಟಿನ ನೀರು ಎಲ್ಲ ಕನಸಿನಲ್ಲಿದ್ದಂತೆ ಹಗುರಾದವು. ಬದುಕಿದ್ದಾನೆ. ಓಬಳೇಶ ಏನೂ ಮಾಡಿಲ್ಲ. ಎರಡು ಗಂಟೆಗೆ ಚೈತ್ರಾ ಬಂದರೆ ಇದನ್ನೇ ಅವಳ ಕಿವಿಗೆ ಇಡಬಹುದು.

ಆಮೇಲೆ ಆ ಹತ್ತಿರದ ಉಸಿರು ಮಾತಾಡಿತು.

"ನಿನ್ನೆ ಓಬಳೇಶನ್ನ ಹಿಡ್ಕಂಡು ಹೋದ್ರಂತೆ. ಗೋವಿಂದಣ್ಣ, ನಾನು ಭಾಯಿಗೆ ಒಂದೇ ಒಂದು ಸುಳ್ಳೂ ಹೇಳ್ದೋಳಲ್ಲ."

ಸುಗ್ರಾ. ಕಾಲಿನ ಸದ್ದು ದೂರ ಸರಿಯಿತು. ಕುರ್ಚಿ ಎಳೆದದ್ದು ಕೇಳಿಸಿತು. ಆರು ಸುತ್ತು ಸರಾಗ, ಏಳನೆಯದಕ್ಕೆ ಟಕ್.

ಅವನ ಮನೆ. ಅವನು ಬಸ್ಸು ಹತ್ತಿ ಊರೂರು ತಿರುಗುವ ಹಗಲಿನಲ್ಲಿ, ಅವನದೇ ಮನೆಯಲ್ಲಿ, ಕಾಣೆಯಾದ ಗೆಳೆಯ ಕೂತಿದ್ದ. ಸಂಜೆ ಮರಳಿ ಬಂದಾಗ ಕೋಣೆಯಲ್ಲಿ ಕುರಿಯುಣ್ಣೆಯ ವಾಸನೆ ಇರುತ್ತಿತ್ತಲ್ಲ? ಇತ್ತು. ಹಳೆಯ ಕಂಬಳಿ ಬಿಸಿಲಿಗೆ ಹಾಕಿದ್ದೆ ಅಂದಿದ್ದಳು. ನಂಬಿದ್ದ. ಇಡೀ ಊರಿನ ಸದ್ದನ್ನು ಸೋಸಿ ಹೇಳಬಲ್ಲೆ ಅಂದುಕೊಂಡವನಿಗೆ ತನ್ನ ಮನೆಯೊಳಗಿನ ಉಸಿರೊಂದು ಗೊತ್ತಾಗಿರಲಿಲ್ಲ. ಅವನಿಗೆ ಅಳು ಬಂತು, ಅಳಲಿಲ್ಲ.

ಯಂತ್ರ ನಿಂತಿತು. ಗೋವಿಂದಪ್ಪನ ದನಿ ಈಗ ತಗ್ಗಿತ್ತು.

"ಅವ್ನು ಒಳಗಿರೋದೇ ಒಳ್ಳೇದಾತು ತಗ. ನಮ್ಮ ಹೊಲದ ಮೇಲೆ ಕಣ್ಣಿಟ್ಟೋರು ಜೈಲಿನ ಗೋಡೆ ದಾಟಿ ಬರಾಕಾಗಲ್ಲ. ಮುಂದಿನ ಮಂಗಳವಾರ ಆ ಹೊಲದ ಕೇಸು ಒಂದು ದಾಟಿಬಿಡ್ಲಿ, ನಾನೇ ಬಂದು ಎಲ್ಲಾನೂ ಹೇಳ್ತೀನಿ. ಅಲ್ಲಿಗಂಟ ನಾನು ಬದುಕಿರೋದು ಯಾರ್ಗೂ ಗೊತ್ತಾಗಬಾರ್ದು. ಓಬಳೇಶ ಹೊರಗೆ ಬಂದ್ರೆ ಉಳಿಯಲ್ಲವ್ವ."

ಅಲ್ಲಿಗೆ ಯಾರೋ ಮಣಿಯನ್ನು ಮತ್ತೊಮ್ಮೆ ಒತ್ತಿದ್ದರು. ದನಿ ಕತ್ತರಿಸಿತು.

ಮಂಗಳವಾರ. ಇವತ್ತು.

ಮೇಷ್ಟ್ರು ಮಜ್ಜಿಗೆ ಲೋಟ ಪಕ್ಕದಲ್ಲಿಟ್ಟು ಹೋದದ್ದು ಯಾವಾಗಲೋ ಅವನಿಗೆ ತಿಳಿಯಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ಕೊಟ್ಟರೆ ಓಬಳೇಶ ಹೊರಗೆ ಬರುತ್ತಾನೆ, ಬಂದರೆ ಉಳಿಯುವುದಿಲ್ಲ. ಕೊಡದಿದ್ದರೆ ಅಳುತ್ತ ಬರುವ ಆ ಹುಡುಗಿಗೆ ದನಿ ಇಲ್ಲ ಅಂತ ಸುಳ್ಳು ಹೇಳಬೇಕು. ಒಂದು ಹಗಲು, ಒಂದೇ ಒಂದು ಹಗಲು ಅವಳನ್ನು ತಡೆದು ನಿಲ್ಲಿಸಿದರೆ ಸಾಕು. ಬಿಸಿಲು ಪಾದ ಬಿಟ್ಟು ಮಂಡಿಗೆ ಏರುವ ಹೊತ್ತಿಗೆ ಅವನು ಸುಳ್ಳೊಂದನ್ನು ಹೊಂದಿಸಿಕೊಂಡಿದ್ದ. ಬ್ಯಾಟರಿ ಮತ್ತೆ ಸತ್ತಿದೆ, ನಾಳೆ ಹೋಗೋಣ ಅನ್ನುವುದು. ಸುಗ್ರಾಳ ಅಣ್ಣ ತಾನು, ಬಂದೀತು ಬಿಡು ಅಂದುಕೊಂಡ.

ಗೇಟಿನ ಚಿಲಕ ಸದ್ದಾಯಿತು. ಚೈತ್ರಾಳ ನಡಿಗೆಯೇ. ಆದರೆ ಮೊನ್ನೆ ಎಳೆದುಕೊಂಡು ಬಂದ ಕಾಲು ಇವತ್ತು ಓಡುತ್ತಿತ್ತು.

"ಅಣ್ಣಾ, ಡಬ್ಬಿ ಇನ್ನು ಬ್ಯಾಡ. ನಾವು ಹಿರಿಯೂರಿಗೆ ಹೋಗದೂ ಬ್ಯಾಡ." ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಈಗಷ್ಟೆ ವಕೀಲ್ರು ಫೋನ್ ಮಾಡಿದ್ರು. ಜಾಮೀನು ಆತಂತೆ. ನಮ್ಮನೆಯವ್ರು ಹೊರಗೆ ಬಂದ್ರಂತೆ."

ದಿಲಾವರನ ಹೆಬ್ಬೆರಳು ಮಣಿಯ ಮೇಲೆಯೇ ಉಳಿಯಿತು.

"ಜಾಮೀನು ಯಾರು ಕೊಟ್ರವ್ವ?" ಅಂದ.

"ಯಾರೋ ನೆಂಟ್ರಂತೆ. ಇಬ್ರು ಬಂದು ಸಹಿ ಹಾಕಿ, ಕಾರಿನಾಗೆ ಕೂರಿಸ್ಕಂಡು ಹೋದ್ರಂತೆ. ಊರಿಗೆ ಬಿಡ್ತೀವಿ ಅಂದ್ರಂತೆ." ಅವಳು ಜಗುಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಉಸಿರು ಸಮನಾದ ಮೇಲೆ, ಅವಳಿಗೇ ಆಗ ಹೊಳೆದವಳಂತೆ, ಮೆಲ್ಲಗೆ ಕೇಳಿದಳು. "ನಮ್ಮ ಪೈಕಿ ಕಾರಿರೋರು ಯಾರೂ ಇಲ್ಲವಲ್ಲಣ್ಣ?"